ಉಪ್ಪಿನ ಮರೆಯ ಕ್ಲೋರಿನ್

ಕೊಕ್ಕರೆ ಬೆಳ್ಳೂರಿನ ಹೆಸರನ್ನು ಕೇಳದ ಕನ್ನಡಿಗರು ಕಡಮೆ. ಮದ್ದೂರು ತಾಲ್ಲೂಕಿನ ಈ ಊರು ಶಿಂಷಾ ನದಿಗೆ ಕೂಗಳತೆಯಲ್ಲಿದೆ. ಮನೆಗಳ ನಡುವಣ ಹುಣಿಸೆ, ಆಲ, ಅರಳಿ ಮರಗಳಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ವರ್ಷ ವರ್ಷವೂ ಗೂಡು ಕಟ್ಟಿ ಮರಿ ಮಾಡುತ್ತವೆ. 1976ರಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರು ಈ ಊರನ್ನು ಹೊರಗಿನ ಲೋಕಕ್ಕೆ ತೋರಿಸಿಕೊಟ್ಟರು. 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶವಾಯಿತು. ಹಳೆಯ ಊರು ನದಿಯ ದಡದಲ್ಲೇ ಇತ್ತು, 1916ರ ಪ್ಲೇಗಿಗೆ ಹೆದರಿ ಜನ ಈಗಿನ ಜಾಗಕ್ಕೆ ಬಂದರು, ಹಕ್ಕಿಗಳೂ ಬೆನ್ನ ಹಿಂದೆಯೇ ಬಂದುವು ಎಂದು ಊರಿನವರು ಹೇಳುತ್ತಾರೆ. ಹಕ್ಕಿಗಳ ವಿಷಯವಾಗಿ ಬಲ್ಲವರು ಬೇಕಾದಷ್ಟು ಬರೆದಿದ್ದಾರೆ. ನಾನು ಬರೆಯಹೊರಟಿರುವುದು ಆ ಸೀಮೆಗೆ ಈಚೆಗೆ ಬಂದಿರುವ ಬೇರೊಂದು ಅತಿಥಿಯನ್ನು ಕುರಿತು.

2023ರ ಮಾರ್ಚಿಯಲ್ಲಿ ಬೆಂಗಳೂರು–ಮೈಸೂರು ಹೆದ್ದಾರಿಯ ಉದ್ಘಾಟನೆ ಮದ್ದೂರಿನ ಬಳಿಯ ಗೆಜ್ಜಲಗೆರೆಯಲ್ಲಿ ನಡೆಯಿತು. ರಸ್ತೆ ಚೆನ್ನಾದರೆ ಪಟ್ಟಣದ ಹಣ ಹಳ್ಳಿಯ ಕಡೆ ಹರಿಯುವುದು ಸಹಜ. ತೆಂಗು ಕಬ್ಬುಗಳ ನಡುವೆ ತೋಟದ ಮನೆಗಳೆದ್ದುವು. ಕೆಲವು ಮನೆಗಳ ಹಿತ್ತಲಲ್ಲಿ ನೀಲಿ ಹೆಂಚಿನ ಈಜುಕೊಳಗಳೂ ಕಾಣಿಸಿಕೊಂಡುವು. ನಮ್ಮ ಅಕ್ಕ ಭಾವಂದಿರದೂ ಅಂಥದೊಂದು ತೋಟ, ಕೊಕ್ಕರೆ ಬೆಳ್ಳೂರಿಗೆ ಮೂರು ಮೈಲಿಯೊಳಗೆ. ಎಂಟು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲ, ಸರಾಸರಿ ಒಂದೂಕಾಲು ಮೀಟರ್ ಆಳದ ಕೊಳ. ಹಿಡಿಯುವ ನೀರು 40,000 ಲೀಟರ್. ಮೊಮ್ಮಕ್ಕಳು ರಜಕ್ಕೆ ಬಂದಾಗ ಈಜಲೆಂದು ಭಾವನವರು ಕಟ್ಟಿಸಿದರು. ಯಂತ್ರ ಮಾರಿದವನು ಅವರಿಗೆ ಹೇಳಿದ ಮಾತು ಇದು: "ಇದಕ್ಕೆ ಕ್ಲೋರಿನ್ ಬೇಕಾಗಿಲ್ಲ ಸಾರ್, ಬರೀ ಉಪ್ಪು. ಸಮುದ್ರಸ್ನಾನ ಇದ್ದ ಹಾಗೆ." ಭಾವನವರು ಆ ಮಾತನ್ನು ನನ್ನ ಮುಂದಿಟ್ಟು, "ನೀನು ಮೂವತ್ತು ವರ್ಷ ಕೆಮಿಸ್ಟ್ರಿ ಪಾಠ ಹೇಳಿದವನಲ್ಲವೇನಯ್ಯ, ನಿಜವೋ ಸುಳ್ಳೋ ಹೇಳು" ಎಂದರು.

ಸುಳ್ಳು. ಆದರೆ ಅದು ಚರಿತ್ರೆಯುಳ್ಳ ಸುಳ್ಳು. ಉಪ್ಪುನೀರಿನ ಯಂತ್ರವೆಂದರೆ ಕ್ಲೋರಿನ್ ಇಲ್ಲದ ಯಂತ್ರವಲ್ಲ, ಕ್ಲೋರಿನ್ನನ್ನು ಮನೆಯಲ್ಲೇ ತಯಾರಿಸುವ ಪುಟ್ಟ ಕಾರ್ಖಾನೆ. ಆ ಕಾರ್ಖಾನೆ ಹಿತ್ತಲಿನವರೆಗೆ ಬಂದ ದಾರಿ ಸುಮಾರು ಇನ್ನೂರು ವರ್ಷದ್ದು. ದಾರಿಯನ್ನು ಬಲ್ಲವನಿಗೆ ಯಂತ್ರದ ಜೊತೆಯ ಎಚ್ಚರಿಕೆಗಳು ಬಾಯಿಪಾಠವಾಗಿ ಉಳಿಯದೆ ಅರ್ಥವಾಗುತ್ತವೆ ಎಂಬುದು ನನ್ನ ನಂಬಿಕೆ.

ನಾವು ಅಡಿಗೆಗೆ ಹಾಕುವ ಉಪ್ಪಿನ ತೂಕದಲ್ಲಿ ನೂರಕ್ಕೆ ಅರುವತ್ತು ಪಾಲು ಕ್ಲೋರಿನ್. ಸೋಡಿಯಮ್ಮಿನೊಡನೆ ಗಂಟು ಹಾಕಿಕೊಂಡಿರುವವರೆಗೆ ಅದು ಸಾಧು ಪ್ರಾಣಿ. ಗಂಟನ್ನು ಬಿಚ್ಚಿದರೆ ಹಸುರುಹಳದಿಯ, ಮೂಗನ್ನು ಸುಡುವ, ಗಾಳಿಗಿಂತ ಎರಡೂವರೆಯಷ್ಟು ಭಾರವಾದ ಅನಿಲ. 1774ರಲ್ಲಿ ಸ್ವೀಡನ್ನಿನ ಷೀಲೆ ಎಂಬ ಔಷಧ ವ್ಯಾಪಾರಿ ಉಪ್ಪಿನ ಆಮ್ಲವನ್ನು ಮ್ಯಾಂಗನೀಸ್ ಅದಿರಿನೊಡನೆ ಕಾಯಿಸಿ ಇದನ್ನು ಪಡೆದ. ಅದು ಮೂಲವಸ್ತುವೆಂದು ಸಾಧಿಸಿ, ಅದರ ಬಣ್ಣದಿಂದ ಹೆಸರಿಟ್ಟವನು ಇಂಗ್ಲೆಂಡಿನ ಹಂಫ್ರಿ ಡೇವಿ, 1810ರಲ್ಲಿ. ನಡುವೆ 1800ರಲ್ಲಿ, ವೋಲ್ಟಾನ ವಿದ್ಯುತ್ಕೋಶದ ಸುದ್ದಿ ಹರಡಿದ ವರ್ಷವೇ, ವಿಲಿಯಂ ಕ್ರೂಕ್‌ಷಾಂಕ್ ಎಂಬವನು ಉಪ್ಪುನೀರಿಗೆ ವಿದ್ಯುತ್ತನ್ನು ಹಾಯಿಸಿ ನೋಡಿದ. ಒಂದು ತಂತಿಯ ಬಳಿ ಜಲಜನಕ, ಇನ್ನೊಂದರ ಬಳಿ ಕ್ಲೋರಿನ್. ಭಾವನವರ ಹಿತ್ತಲಿನ ಯಂತ್ರ ಮಾಡುವುದೂ ಇಷ್ಟೇ. ಇದಕ್ಕಿಂತ ಹೆಚ್ಚೇನೂ ಇಲ್ಲ.

ಮೊದಮೊದಲು ಕ್ಲೋರಿನ್ನಿನ ಉಪಯೋಗವೆಲ್ಲ ಬಟ್ಟೆಗಳನ್ನು ಬಿಳುಪು ಮಾಡುವುದಕ್ಕೆ. 1799ರಲ್ಲಿ ಗ್ಲಾಸ್ಗೋವಿನ ಚಾರ್ಲ್ಸ್ ಟೆನೆಂಟ್ ಅದನ್ನು ಸುಣ್ಣಕ್ಕೆ ಕುಡಿಸಿ ಚೆಲುವೆ ಪುಡಿಯನ್ನು ಮಾಡಿದ. ನಮ್ಮ ಬಾವಿಗಳಿಗೆ ಪಂಚಾಯಿತಿಯವರು ಹಾಕುವ ಬ್ಲೀಚಿಂಗ್ ಪೌಡರ್ ಅದೇ. 1847ರಲ್ಲಿ ವಿಯೆನ್ನಾದ ಹೆರಿಗೆ ಆಸ್ಪತ್ರೆಯಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯ, ಕೈಯನ್ನು ಆ ಪುಡಿಯ ನೀರಿನಲ್ಲಿ ತೊಳೆದೇ ಬಾಣಂತಿಯರನ್ನು ಮುಟ್ಟಬೇಕೆಂದು ಕಟ್ಟಪ್ಪಣೆ ಮಾಡಿ ಸಾವುಗಳನ್ನು ಇಳಿಸಿದ. ರೋಗಾಣುವೆಂಬ ಮಾತು ಹುಟ್ಟುವ ಮೊದಲೇ ಅದನ್ನು ಕೊಲ್ಲುವ ಮದ್ದು ಕೈಗೆ ಸಿಕ್ಕಿತ್ತು.

ನೀರನ್ನು ಶುದ್ಧಿ ಮಾಡುವ ಉಪಾಯಗಳು ನಮ್ಮಲ್ಲಿ ಇರಲಿಲ್ಲವೆಂದಲ್ಲ. ಚಿಲ್ಲದ ಬೀಜವನ್ನು ತೇದು ಬಗ್ಗಡ ಇಳಿಸುವುದು, ಬಾವಿಗೆ ಸುಣ್ಣ ಹಾಕುವುದು, ನೀರನ್ನು ಕಾಯಿಸಿ ಆರಿಸುವುದು, ಇವೆಲ್ಲ ಅಜ್ಜಿಯರಿಗೆ ಗೊತ್ತಿತ್ತು. ಆದರೆ ತಿಳಿಯಾದ ನೀರಿನಲ್ಲಿಯೂ ಕಾಲರಾ ಇರಬಹುದೆಂಬುದು ಕಣ್ಣಿಗೆ ಕಾಣುವ ಸಂಗತಿಯಲ್ಲ. 1890ರ ದಶಕದಲ್ಲಿ ಉತ್ತರ ಹಿಂದೂಸ್ಥಾನದ ಬಾವಿಗಳಿಗೆ ಪರ್ಮಾಂಗನೇಟು ಹಾಕಿಸಿ ಹ್ಯಾಂಕಿನ್ ಎಂಬ ಶಾಸ್ತ್ರಜ್ಞ ಕಾಲರಾದೊಡನೆ ಸೆಣಸಿದ. 1903ರ ಹೊತ್ತಿಗೆ ಭಾರತೀಯ ವೈದ್ಯ ಸೇವೆಯ ವಿನ್ಸೆಂಟ್ ನೆಸ್‌ಫೀಲ್ಡ್ ಎಂಬ ಅಧಿಕಾರಿ, ಸೈನಿಕರ ಕುಡಿಯುವ ನೀರಿಗೆ ಕ್ಲೋರಿನ್ ಬೆರೆಸಬಹುದೆಂದು, ಅದನ್ನು ಒತ್ತಿ ದ್ರವವಾಗಿಸಿ ಸೀಸದ ಒಳಪದರವುಳ್ಳ ಕಬ್ಬಿಣದ ಪಾತ್ರೆಗಳಲ್ಲಿ ಒಯ್ಯಬಹುದೆಂದು ಬರೆದ. ಇಡೀ ಲೋಕ ಮುಂದೆ ಹಿಡಿದ ದಾರಿಯನ್ನು ನಮ್ಮ ದೇಶದಲ್ಲಿ ನೌಕರಿ ಮಾಡುತ್ತಿದ್ದವನೊಬ್ಬ ಇಷ್ಟು ಮೊದಲೇ ಸೂಚಿಸಿದ್ದನೆಂಬುದು ನಮ್ಮ ಪಠ್ಯಪುಸ್ತಕಗಳಲ್ಲಿ ಇರಬೇಕಾದ ಸಂಗತಿ.

ಅಮೆರಿಕದ ಜರ್ಸಿ ಸಿಟಿಯ ಕಥೆಯಂತೂ ನಾಟಕದಂತಿದೆ. ನೀರು ಶುದ್ಧವಾಗಿಲ್ಲವೆಂದು ಊರಿನವರು ನೀರಿನ ಕಂಪೆನಿಯ ಮೇಲೆ ದಾವೆ ಹೂಡಿದ್ದರು. ಕಂಪೆನಿಯ ಕಡೆಯ ಡಾಕ್ಟರ್ ಜಾನ್ ಲೀಲ್ 1908ರ ಸೆಪ್ಟೆಂಬರಿನಲ್ಲಿ, ಯಾರ ಅಪ್ಪಣೆಗೂ ಕಾಯದೆ, ಊರಿಗೆ ಹೋಗುವ ನೀರಿಗೆ ಚೆಲುವೆ ಪುಡಿಯ ದ್ರಾವಣವನ್ನು ಸೇರಿಸಲು ಆರಂಭಿಸಿದ. ಕೋರ್ಟಿನಲ್ಲಿ ಕೋಲಾಹಲ. ಊರಿನ ನೀರಿಗೆ ವಿಷ ಹಾಕಿದನೆಂದು ಎದುರು ಪಕ್ಷದ ವಾದ. ವಿಚಾರಣೆ ಮುಗಿದಾಗ ಗೆದ್ದದ್ದು ಲೀಲನ ಪುಡಿ. ಅಲ್ಲಿಂದ ಮುಂದೆ ಊರೂರ ಕೊಳಾಯಿಗೆ ಕ್ಲೋರಿನ್ ಬಂತು. ವಿಷಮಶೀತಜ್ವರದ ಸಾವುಗಳು ಇಳಿದುವು.

ಇದೇ ಕ್ಲೋರಿನ್ನಿನ ಇನ್ನೊಂದು ಮುಖ 1915ರ ಏಪ್ರಿಲ್ 22ರಂದು ಕಂಡಿತು. ಬೆಲ್ಜಿಯಮ್ಮಿನ ಈಪ್ರ್ ಎಂಬಲ್ಲಿ ಜರ್ಮನ್ ಸೈನ್ಯ ಸಾವಿರಾರು ಸಿಲಿಂಡರುಗಳ ಬಾಯಿ ಬಿಚ್ಚಿತು. ಭಾರವಾದ ಅನಿಲ ನೆಲವನ್ನು ಸವರಿಕೊಂಡು ಬಂದು ಕಂದಕಗಳಲ್ಲಿ ಇಳಿಯಿತು. ತಪ್ಪಿಸಿಕೊಳ್ಳಲೆಂದು ತಗ್ಗಿನಲ್ಲಿ ಮಲಗಿದವರೇ ಮೊದಲು ಸತ್ತರು. ವಿಚಿತ್ರವೆಂದರೆ ಅದೇ ವರ್ಷ, ಅದೇ ಯುದ್ಧದಲ್ಲಿ, ಹೆನ್ರಿ ಡೇಕಿನ್ ಎಂಬ ರಸಾಯನಶಾಸ್ತ್ರಜ್ಞ ಕ್ಲೋರಿನ್ನಿನಿಂದಲೇ ಗಾಯ ತೊಳೆಯುವ ದ್ರಾವಣವನ್ನು ಮಾಡಿದ. ಆಸ್ಪತ್ರೆಯಾಗಿ ಮಾರ್ಪಟ್ಟಿದ್ದ 'ಅಕ್ವಿಟೇನಿಯಾ' ಹಡಗಿನಲ್ಲಿ ಅವನು ಅದನ್ನು ಪಡೆದದ್ದು ಸಮುದ್ರದ ನೀರಿಗೆ ವಿದ್ಯುತ್ ಹಾಯಿಸಿ. ಹೊರಗಿನಿಂದ ಡಬ್ಬಿ ಸೀಸೆ ಯಾವುದೂ ಬೇಡ. ಹಡಗಿನ ಸುತ್ತ ಇದ್ದ ನೀರೇ ಔಷಧಕ್ಕೆ ಕಚ್ಚಾ ಸಾಮಗ್ರಿ.

ಡೇಕಿನ್ನನಿಗೂ ಮೊದಲು ಫ್ರಾನ್ಸಿನ ಯೂಜೀನ್ ಹರ್ಮಿಟ್ ಸಮುದ್ರದ ನೀರಿನಿಂದ ಊರಿನ ಚರಂಡಿಗಳನ್ನು ಶುದ್ಧಿ ಮಾಡುತ್ತೇನೆಂದು ಹೊರಟಿದ್ದ. 1894ರಲ್ಲಿ ಇಂಗ್ಲೆಂಡಿನ ವರ್ದಿಂಗ್‌ನಲ್ಲಿ ಪ್ರಯೋಗವೂ ನಡೆಯಿತು. ಅದು ನಿಲ್ಲಲಿಲ್ಲ. ಹುಟ್ಟುವ ಕ್ಷಣದ ಕ್ಲೋರಿನ್ ತನ್ನನ್ನು ಹೆತ್ತ ಫಲಕವನ್ನೇ ತಿನ್ನುತ್ತದೆ. ಕಬ್ಬಿಣ ಕರಗುತ್ತದೆ, ಇದ್ದಲಿನ ಫಲಕ ಸವೆಯುತ್ತದೆ, ಪ್ಲಾಟಿನಮ್ಮಿಗೆ ರಾಜನ ಬೊಕ್ಕಸ ಬೇಕು. ದೊಡ್ಡ ಕಾರ್ಖಾನೆಗಳು ಮಾತ್ರ, ವಿದ್ಯುತ್ ಅಗ್ಗವಾಗಿ ಸಿಕ್ಕುವ ಕಡೆ, ಈ ಕಸುಬನ್ನು ಹಿಡಿದುವು. ನಯಾಗರಾ ಜಲಪಾತದ ವಿದ್ಯುತ್ತಿಗೆ ಬಂದ ಮೊದಮೊದಲ ಗಿರಾಕಿಗಳಲ್ಲಿ ಉಪ್ಪುನೀರನ್ನು ಒಡೆಯುವ ಕಾರ್ಖಾನೆಗಳೂ ಇದ್ದುವು.

ಇಲ್ಲಿ ನಮ್ಮ ಮಂಡ್ಯದ ಸೀಮೆಗೆ ಮರಳಬಹುದು. ಕೊಕ್ಕರೆ ಬೆಳ್ಳೂರಿನ ಬಳಿ ಹರಿದು ಬಂದ ಶಿಂಷಾ ಮಳವಳ್ಳಿ ತಾಲ್ಲೂಕಿನಲ್ಲಿ ಕಾವೇರಿಯನ್ನು ಸೇರುತ್ತದೆ. ಅಲ್ಲಿಗೆ ಹತ್ತಿರದ ಶಿವನಸಮುದ್ರದಲ್ಲಿ, ದಿವಾನ್ ಶೇಷಾದ್ರಿ ಅಯ್ಯರರ ಕಾಲದಲ್ಲಿ ಎಣಿಕೆ ಹಾಕಿದ ವಿದ್ಯುದಾಗಾರ 1902ರಲ್ಲಿ ಕೆಲಸ ಆರಂಭಿಸಿ, ತೊಂಬತ್ತು ಮೈಲಿಗೂ ಆಚೆಯ ಕೋಲಾರದ ಗಣಿಗಳಿಗೆ ಶಕ್ತಿಯನ್ನು ಕಳುಹಿಸಿತು. ನಯಾಗರಾದ ವಿದ್ಯುತ್ತು ಉಪ್ಪನ್ನು ಒಡೆಯಿತು. ನಮ್ಮದು ಚಿನ್ನವನ್ನು ತೆಗೆಯಿತು. 1905ರಲ್ಲಿ ಬೆಂಗಳೂರಿನ ಬೀದಿಗೆ ಬೆಳಕಾಯಿತು. ಕಾವೇರಿಯ ವಿದ್ಯುತ್ತಿನಿಂದ ಉಪ್ಪನ್ನು ಒಡೆದು ಕ್ಲೋರಿನ್ ತೆಗೆಯುವ ಉದ್ಯಮ ನೆಲೆಯೂರಿದ್ದು ಇನ್ನೂ ಕೆಳಗೆ, ತಮಿಳುನಾಡಿನ ಮೇಟೂರಿನಲ್ಲಿ. ಅಲ್ಲಿಯ ಅಣೆಕಟ್ಟು ಮುಗಿದದ್ದು 1934ರಲ್ಲಿ. ರಾಸಾಯನಿಕ ಕಂಪೆನಿ ಹುಟ್ಟಿದ್ದು 1936ರಲ್ಲಿ. ನಮ್ಮ ಕಡೆ ಕಾರವಾರದ ಬಿಣಗಾದಲ್ಲಿ ಅಂಥ ಕಾರ್ಖಾನೆ ಬಂದದ್ದು ಅದಕ್ಕೂ ಬಹು ಕಾಲದ ಮೇಲೆ.

ಮಂಡ್ಯದ ಜಿಲ್ಲೆಗೆ ಕ್ಲೋರಿನ್ ದೊಡ್ಡ ಪ್ರಮಾಣದಲ್ಲಿ ಕಾಲಿಟ್ಟದ್ದು ಬೆಂಗಳೂರಿನ ಬಾಯಾರಿಕೆಯ ನಿಮಿತ್ತ. ಹೆಸರಘಟ್ಟವೂ ತಿಪ್ಪಗೊಂಡನಹಳ್ಳಿಯೂ ಸಾಲದೆ ಹೋದಾಗ, ಶಿವಾ ಅಣೆಕಟ್ಟಿನಿಂದ ಕಾವೇರಿಯ ನೀರನ್ನು ತಿರುಗಿಸಿ, ನೆಟ್ಕಲ್ ಜಲಾಶಯದ ಮೂಲಕ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಗೆ ತಂದು, ಅಲ್ಲಿ ಸೋಸಿ, ಕ್ಲೋರಿನ್ ಕೂಡಿಸಿ, ಮೂರು ಘಟ್ಟಗಳಲ್ಲಿ ಮೇಲೆತ್ತಿ ಬೆಂಗಳೂರಿಗೆ ಕಳುಹಿಸುವ ಏರ್ಪಾಡು 1974ರಲ್ಲಿ ಮೊದಲಾಯಿತು. ಅದರ ಐದನೆಯ ಹಂತ 2024ರಲ್ಲಿ ಮುಗಿಯಿತು. ಬಸವನಗುಡಿಯಲ್ಲೋ ಮಲ್ಲೇಶ್ವರದಲ್ಲೋ ಬೆಳಗ್ಗೆ ಕೊಳಾಯಿ ತಿರುಗಿಸಿದಾಗ ಮೂಗಿಗೆ ಸೋಕುವ ಆ ಸಣ್ಣ ವಾಸನೆ ಮಂಡ್ಯದ ನೆಲದಿಂದ ಹೊರಟದ್ದು. ಕಾವೇರಿಗಾಗಿ ಜಗಳಾಡುವವರು, ಆಡದವರು ಎಲ್ಲರೂ ಅದನ್ನು ಕುಡಿದೇ ಬದುಕಿದ್ದೇವೆ.

ಊರಿಗೆಲ್ಲ ನೀರು ಕೊಡುವ ಕೇಂದ್ರದಲ್ಲಿ ಕ್ಲೋರಿನ್ ಟನ್ ಗಾತ್ರದ ಉರುಳೆಗಳಲ್ಲಿ ಬರುತ್ತದೆ. ನೋಡಿಕೊಳ್ಳಲು ತರಬೇತಾದ ಜನರಿರುತ್ತಾರೆ. ಹಾಗಲ್ಲದ ಕಡೆ ಏನಾಗುವುದೆಂದು 2010ರ ಜುಲೈಯಲ್ಲಿ ಮುಂಬಯಿಯ ಶಿವಡಿ ತೋರಿಸಿತು. ಬಂದರಿನಲ್ಲಿ ವರ್ಷಾನುಗಟ್ಟಲೆ ಅನಾಥವಾಗಿ ಬಿದ್ದಿದ್ದ ಉರುಳೆಗಳಿಂದ ಅನಿಲ ಸೋರಿ ನೂರಕ್ಕೆ ಹತ್ತಿರ ಜನ ಆಸ್ಪತ್ರೆ ಸೇರಿದರು. ಇಂಥದ್ದನ್ನು ಮನೆಗೆ ತರಬಾರದೆಂಬುದರಲ್ಲಿಯೇ ಉಪ್ಪುನೀರಿನ ಯಂತ್ರದ ನ್ಯಾಯವಾದ ಹಿರಿಮೆ ಇದೆ. ಅದು ಕ್ಲೋರಿನ್ನನ್ನು ಕೂಡಿಡುವುದಿಲ್ಲ; ಬೇಕಾದಾಗ, ಬೇಕಾದಷ್ಟು, ನೀರಿನೊಳಗೇ ಹುಟ್ಟಿಸುತ್ತದೆ.

ಇದನ್ನು ಸಾಧ್ಯ ಮಾಡಿದವನು ಹೆನ್ರಿ ಬೀರ್ ಎಂಬ ಡಚ್ ಮನೆತನದ ಸಂಶೋಧಕ. ಟೈಟೇನಿಯಮ್ ಫಲಕಕ್ಕೆ ರುಥೇನಿಯಮ್ ಆಕ್ಸೈಡಿನ ತೆಳುವಾದ ಲೇಪ ಕೊಟ್ಟರೆ ಕ್ಲೋರಿನ್ ಅದನ್ನು ತಿನ್ನಲಾರದು ಎಂದು 1965ರಲ್ಲಿ ಅವನು ಕಂಡುಕೊಂಡ. ಹರ್ಮಿಟ್ಟನನ್ನು ಸೋಲಿಸಿದ ತೊಡಕು ಕಳೆಯಿತು. 1970ರ ದಶಕದಲ್ಲಿ ಆಸ್ಟ್ರೇಲಿಯಾದ ಮನೆಗಳ ಹಿತ್ತಲಿಗೆ ಈ ಯಂತ್ರ ಬಂತು. ಅಲ್ಲಿಂದ ಅಮೆರಿಕ, ಆಮೇಲೆ ಬೆಂಗಳೂರಿನ ವಸತಿ ಸಮುಚ್ಚಯಗಳು, ಈಗ ಮದ್ದೂರಿನ ತೆಂಗಿನ ತೋಟ.

ಲೆಕ್ಕ ನೋಡಿ. ಕೊಳದ ನೀರಿಗೆ ಲೀಟರಿಗೆ ಮೂರೂವರೆ ಗ್ರಾಂ ಉಪ್ಪು ಬೇಕು. ಸಮುದ್ರದಲ್ಲಿರುವುದರ ಹತ್ತನೆಯ ಒಂದು ಪಾಲು. ನಮ್ಮ ಕಣ್ಣೀರು ಇದಕ್ಕಿಂತ ಉಪ್ಪು. ಭಾವನವರ ಕೊಳಕ್ಕೆ 140 ಕಿಲೋ ಹಿಡಿಯಿತು. ಅಯೊಡೀನ್ ಸೇರಿಸದ, ಉಂಡೆಗಟ್ಟದಂತೆ ಮಾಡುವ ಪುಡಿ ಬೆರೆಸದ, ಶುದ್ಧ ಮಾಡಿದ ಉಪ್ಪು ಬೇಕು. (ಸಾಣಿಕಟ್ಟೆಯ ಬೂದುಬಣ್ಣದ ಹರಳುಪ್ಪನ್ನೇ ತರಿಸೋಣವೆಂದು ಅಕ್ಕನ ಆಸೆ, ಉಪ್ಪಿನಕಾಯಿಗೆ ಅದರ ಸಮ ಇಲ್ಲ, ಯಂತ್ರಕ್ಕೆ ಮಾತ್ರ ಅದರ ಸುಣ್ಣದ ಅಂಶ ಒಗ್ಗದು.) ಈ 140 ಕಿಲೋ ಉಪ್ಪಿನೊಳಗೆ ಬಂದಿಯಾಗಿರುವ ಕ್ಲೋರಿನ್ 85 ಕಿಲೋ. ಆದರೆ ಕೊಳವನ್ನು ಶುದ್ಧವಾಗಿಡಲು ಒಂದು ಹೊತ್ತಿಗೆ ಬೇಕಾದದ್ದು ಲೀಟರಿಗೆ ಎರಡು ಮಿಲಿಗ್ರಾಂ, ಒಟ್ಟು 80 ಗ್ರಾಂ ಮಾತ್ರ. ಅದು ಕೆಲಸ ಮುಗಿಸಿ, ಇಲ್ಲವೇ ಬಿಸಿಲಿಗೆ ಸಿಕ್ಕಿ, ಮತ್ತೆ ಉಪ್ಪಿನ ರೂಪಕ್ಕೇ ಮರಳುತ್ತದೆ. ಹಾಗಾಗಿ ಉಪ್ಪು ಸವೆಯುವುದಿಲ್ಲ. ಈಜುವವರು ಎರಚಿದಷ್ಟು, ಹೊರಗೆ ಬಿಟ್ಟಷ್ಟು ಹೋಗುತ್ತದೆ, ಅಷ್ಟೆ.

ಯಂತ್ರದ ಕೊಳವೆಯೊಳಗೆ ಫಲಕಗಳು ಸಾಲಾಗಿ ನಿಂತಿರುತ್ತವೆ. ಪಂಪು ತಳ್ಳುವ ನೀರು ಅವುಗಳ ನಡುವೆ ಹಾಯುತ್ತದೆ. ಒಂದು ಕಡೆ ಹುಟ್ಟಿದ ಕ್ಲೋರಿನ್ ನೀರಿನಲ್ಲೇ ಕರಗುತ್ತದೆ. ಇನ್ನೊಂದು ಕಡೆ ಹುಟ್ಟಿದ ಜಲಜನಕ ಗುಳ್ಳೆಗಳಾಗಿ ನೀರಿನೊಡನೆ ಹೊರಟುಹೋಗುತ್ತದೆ. ನೀರು ಹರಿಯುತ್ತಿರುವವರೆಗೆ ಯಾವ ಭಯವೂ ಇಲ್ಲ. ನೀರು ನಿಂತು ವಿದ್ಯುತ್ ನಿಲ್ಲದಿದ್ದರೆ ಜಲಜನಕ ಕೊಳವೆಯ ಮೇಲ್ಭಾಗದಲ್ಲಿ ಕೂಡಿಕೊಳ್ಳುತ್ತದೆ. ಗಾಳಿಯಲ್ಲಿ ನೂರಕ್ಕೆ ನಾಲ್ಕು ಪಾಲಾದರೂ ಸಾಕು, ಕಿಡಿ ಸೋಕಿದರೆ ಹತ್ತಿಕೊಳ್ಳುವ ಅನಿಲ ಅದು. ಕೊಳವೆ ಬಾಂಬಿನಂತೆ ಸಿಡಿಯಬಹುದು. ಇದಕ್ಕೆಂದೇ ನೀರಿನ ಹರಿವು ನಿಂತೊಡನೆ ವಿದ್ಯುತ್ತನ್ನು ಕಡಿಯುವ ಫ್ಲೋ ಸ್ವಿಚ್ ಎಂಬ ಸಣ್ಣ ಸಾಧನವನ್ನು ಕೊಳವೆಗೆ ಕೂಡಿಸಿರುತ್ತಾರೆ.

ಭಾವನವರ ಪಂಪುಮನೆಗೆ ಹೋಗಿ ನೋಡಿದಾಗ ನನ್ನ ಎದೆ ಝಲ್ಲೆಂದಿತು. ಫ್ಲೋ ಸ್ವಿಚ್ಚಿನ ಎರಡು ತಂತಿಗಳನ್ನು ಬಿಚ್ಚಿ, ಒಂದಕ್ಕೊಂದು ಹೊಸೆದು, ಟೇಪು ಸುತ್ತಿತ್ತು. ಪಂಪು ಇದ್ದದ್ದು ಮೂರು ಫೇಸಿನ ಲೈನಿನ ಮೇಲೆ. ತೋಟದಲ್ಲಿ ಅದು ದಿನಕ್ಕೆ ಕೆಲವು ತಾಸು ಬಂದು ಹೋಗುವಂಥದು. ಯಂತ್ರ ಇದ್ದದ್ದು ಮನೆಯ ಲೈನಿನ ಮೇಲೆ, ಇನ್ವರ್ಟರಿನ ಆಸರೆಯೊಡನೆ. ಅಂದರೆ ಪಂಪು ನಿಂತ ಮೇಲೂ ಯಂತ್ರ ನಿಲ್ಲುತ್ತಿರಲಿಲ್ಲ! ಕೆಲಸ ಮಾಡಿಕೊಟ್ಟಿದ್ದ ಹುಡುಗನನ್ನು ಕರೆಸಿ ಕೇಳಿದೆವು. "ಮಿಷಿನ್ ಗಳಿಗೆಗೊಂದ್ ಕಿತ ನಿಂತೋಗದು ಸಾ, ಅದ್ಕೇ ಡೈರೆಕ್ಟ್ ಮಾಡ್ಕೊಟ್ಟೆ" ಎಂದ. ಹುಡುಗ ಕೆಟ್ಟವನಲ್ಲ. ನಿಲ್ಲುವುದೇ ಅದರ ಕೆಲಸವೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಅದೇ ದಿನ ಸ್ವಿಚ್ಚನ್ನು ಮತ್ತೆ ಕೂಡಿಸಿ, ಪಂಪು ಓಡುತ್ತಿದ್ದರೆ ಮಾತ್ರ ಯಂತ್ರಕ್ಕೆ ವಿದ್ಯುತ್ ಸಿಕ್ಕುವ ಹಾಗೆ ಎರಡನ್ನೂ ಒಂದಕ್ಕೊಂದು ಕಟ್ಟಿಸಿದೆವು. ಒದ್ದೆ ಕಾಲಿನ ಮಕ್ಕಳು ಓಡಾಡುವ ಜಾಗವಾದ್ದರಿಂದ ಭೂಸಂಪರ್ಕವನ್ನು ಪರೀಕ್ಷೆ ಮಾಡಿಸಿ, 30 ಮಿಲಿಆಂಪಿಯರ್ ಸೋರಿದರೂ ಕಡಿಯುವ ಸ್ವಿಚ್ಚನ್ನು ಹಾಕಿಸಿದ್ದಾಯಿತು. ಯಾರಾದರೂ ಉಪ್ಪುನೀರಿನ ಕೊಳದ ಮಾತೆತ್ತಿದರೆ ನಾನು ಮೊದಲು ಕೇಳುವುದು ಈ ಸ್ವಿಚ್ಚನ್ನು, ನೀರಿನ ಬಣ್ಣವನ್ನಲ್ಲ.

ಎರಡನೆಯ ಅಪಾಯ ಆಮ್ಲದ್ದು. ಯಂತ್ರ ಓಡಿದಂತೆಲ್ಲ ನೀರು ಕ್ಷಾರದ ಕಡೆಗೆ ವಾಲುತ್ತದೆ. ಪಿಎಚ್ 7.5 ಇರುವಾಗ ಕ್ಲೋರಿನ್ನಿನ ಅರ್ಧದಷ್ಟು ಚುರುಕಾದ ರೂಪದಲ್ಲಿರುತ್ತದೆ. 8ಕ್ಕೆ ಏರಿದರೆ ಕಾಲುಪಾಲು. ಕ್ಲೋರಿನ್ ಇದ್ದೂ ಇಲ್ಲದಂತೆ. ಆದ್ದರಿಂದ ಆಗಾಗ ಅಳೆದು, ಆಮ್ಲ ಸೇರಿಸಿ, 7.2ರಿಂದ 7.8ರ ನಡುವೆ ಇಡಬೇಕು. ಮಂಡ್ಯದ ಕೊಳವೆಬಾವಿಗಳ ನೀರು ಬಹಳ ಕಡೆ ಗಡಸು. ಫಲಕಗಳ ಮೇಲೆ ಬಿಳಿಯ ಸುಣ್ಣದ ಪೊರೆ ಕಟ್ಟುತ್ತದೆ, ಕಾಫಿ ಕಾಯಿಸುವ ಪಾತ್ರೆಯ ತಳದಲ್ಲಿ ಕಟ್ಟುವ ಹಾಗೆ. ಅದನ್ನು ತೆಗೆಯಲೂ ಆಮ್ಲವೇ. ವಿದ್ಯುತ್ತನ್ನು ಪೂರ್ತಿ ಕಡಿದು, ಕೋಶವನ್ನು ಬಿಚ್ಚಿ ಬಯಲಿಗೆ ತಂದು, ಕೈಗೆ ಕಣ್ಣಿಗೆ ಕಾಪು ತೊಟ್ಟು, ನೀರಿಗೆ ಆಮ್ಲವನ್ನು ಸುರಿಯಬೇಕೇ ಹೊರತು ಆಮ್ಲಕ್ಕೆ ನೀರನ್ನಲ್ಲ. ಚಾಕುವಿನಿಂದ ಕೆರೆದರೆ ಬೀರನ ಲೇಪ ಹೋಯಿತೆಂದೇ ತಿಳಿಯಿರಿ.

ಪಂಪುಮನೆಯಲ್ಲಿ ಆಮ್ಲದ ಕ್ಯಾನಿನ ಪಕ್ಕದಲ್ಲೇ ಚೆಲುವೆ ಪುಡಿಯ ಡಬ್ಬಿ ಇತ್ತು. ಮಳೆಗಾಲದಲ್ಲಿ ನೀರು ಹಸುರಾದರೆ ಇರಲಿ ಎಂದು ಯಾರೋ ತಂದಿಟ್ಟದ್ದು. ಇವೆರಡೂ ಒಂದು ಬಕೆಟ್ಟಿನಲ್ಲಿ ಕೂಡಿದರೆ ಷೀಲೆಯ ಅನಿಲ ಏಳುತ್ತದೆ, ಈಪ್ರಿನ ಅನಿಲ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಆಳಿನ ಪ್ರಾಣಕ್ಕೇ ಬರಬಹುದು. ಬೇರೆ ಬೇರೆ ಬಗೆಯ ಕ್ಲೋರಿನ್ ಪುಡಿಗಳನ್ನು ಒಂದರೊಳಗೊಂದು ಬೆರೆಸಿದರೆ ಬೆಂಕಿಯೂ ಏಳುವುದುಂಟು. ಎರಡನ್ನೂ ಬೇರೆ ಬೇರೆ ಕಡೆ ಇಡಿಸಿ, ಬೀಗ ಹಾಕಿಸಿ, ತೋಟ ನೋಡಿಕೊಳ್ಳುವ ದಂಪತಿಗಳಿಗೆ ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸಿಕೊಟ್ಟೆ. ಯಂತ್ರದ ಜೊತೆಗೆ ಬಂದ ಪುಸ್ತಕದಲ್ಲಿ ಏಳು ಭಾಷೆಗಳಿದ್ದುವು; ಆಮ್ಲವನ್ನು ಕೈಯಲ್ಲಿ ಹಿಡಿಯುವವರ ಭಾಷೆ ಇರಲಿಲ್ಲ. ವಾಸನೆ ಬಡಿದರೆ ಗಾಳಿಗೆ ಎದುರಾಗಿ, ಎತ್ತರದ ಕಡೆಗೆ ಓಡಬೇಕು, ತಗ್ಗಿಗೆ ಇಳಿಯಕೂಡದು ಎಂದು ದಪ್ಪಕ್ಷರದಲ್ಲಿ ಬರೆದೆ.

ವಾಸನೆಯ ಮಾತು ಬಂದದ್ದರಿಂದ ಒಂದು ಸಂಗತಿ. ಈಜುಕೊಳದಲ್ಲಿ ಘಾಟು ಹೆಚ್ಚಿದಷ್ಟೂ ಶುದ್ಧಿ ಹೆಚ್ಚೆಂದು ಜನ ತಿಳಿಯುತ್ತಾರೆ. ಆ ಘಾಟು ಕ್ಲೋರಿನ್ ನಮ್ಮ ಬೆವರು ಮೂತ್ರಗಳೊಡನೆ ಕೂಡಿ ಹುಟ್ಟಿದ ಕ್ಲೋರಮೀನುಗಳದ್ದು. ಇಳಿಯುವ ಮೊದಲು ಮೈ ತೊಳೆದುಕೊಂಡರೆ ಅರ್ಧ ಘಾಟು ಹೋಗುತ್ತದೆ. ನಮ್ಮ ಹಿರಿಯರು ದೇವಸ್ಥಾನದ ಕಲ್ಯಾಣಿಗೆ ಕಾಲು ತೊಳೆದೇ ಇಳಿಯುತ್ತಿದ್ದರು, ರಸಾಯನಶಾಸ್ತ್ರವನ್ನು ಓದಿರಲಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಭಾವನವರಿಗೆ ಇನ್ನೊಂದು ಯೋಚನೆ ಹತ್ತಿತು. ಯಂತ್ರವನ್ನೇ ನಿಲ್ಲಿಸಿ, ಬರಿಯ ಬಾವಿಯ ನೀರಿನಲ್ಲಿ ಮಕ್ಕಳು ಈಜಲಿ, ಹಿಂದೆಲ್ಲ ನಾವು ಈಜಲಿಲ್ಲವೆ ಎಂದರು. ಬೇಡವೆಂದೆ. 2024ರಿಂದ ಈಚೆಗೆ ಕೇರಳದಲ್ಲಿ ಮಿದುಳನ್ನು ಹೊಕ್ಕು ಕೊಲ್ಲುವ ಅಮೀಬಾದ ರೋಗ ಮತ್ತೆ ಮತ್ತೆ ಕಾಣಿಸಿಕೊಂಡಿತು. ಸತ್ತವರಲ್ಲಿ ಮಕ್ಕಳೂ ಇದ್ದರು. ಬೆಚ್ಚಗಿನ, ಕ್ಲೋರಿನ್ ಇಲ್ಲದ, ನಿಂತ ನೀರೇ ಆ ಜಂತುವಿಗೆ ಹಿತ. ಹರಿಯುವ ಹೊಳೆಯ ಮಾತು ಬೇರೆ. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಕಾಯುವ ಹೆಂಚಿನ ತೊಟ್ಟಿ ಹೊಳೆಯಲ್ಲ. ಯಂತ್ರ ಇರಲಿ, ಅಳತೆಯ ಪೆಟ್ಟಿಗೆಯೂ ಇರಲಿ, ಮಕ್ಕಳು ಇಳಿಯುವ ದಿನ ಬೆಳಗ್ಗೆ ಕ್ಲೋರಿನ್ ಒಂದರಿಂದ ಮೂರು ಮಿಲಿಗ್ರಾಮಿನ ನಡುವೆ ಇದೆಯೇ ಎಂದು ನೋಡಿಯೇ ಬಿಡಿ ಎಂದೆ. ಬಿಸಿಲಿಗೆ ಕ್ಲೋರಿನ್ ಹಾರಿಹೋಗದಂತೆ ಕೂಡಿಸುವ ಸಯನ್ಯೂರಿಕ್ ಆಮ್ಲವಿದ್ದರೆ ಎರಡಕ್ಕಿಂತ ಕಡಮೆಯಾಗಬಾರದು. ಆ ಆಮ್ಲವೂ ಲೀಟರಿಗೆ ಐವತ್ತು ಮಿಲಿಗ್ರಾಂ ಮೀರಬಾರದು, ಮೀರಿದರೆ ಕಾಪಾಡುವ ಬದಲು ಕ್ಲೋರಿನ್ನಿನ ಕೈಯನ್ನೇ ಕಟ್ಟುತ್ತದೆ. ಹೊಟ್ಟೆ ಕೆಟ್ಟ ಮಗುವನ್ನು ಮಾತ್ರ ಯಾವ ಕ್ಲೋರಿನ್ನನ್ನು ನಂಬಿಯೂ ನೀರಿಗೆ ಇಳಿಸಬಾರದು.

ಉಳಿದದ್ದು ಹೊರಗೆ ಬಿಡುವ ನೀರಿನ ಪ್ರಶ್ನೆ. ಕೊಳದ ಮರಳಿನ ಸೋಸುಕವನ್ನು ವಾರಕ್ಕೊಮ್ಮೆ ಹಿಂಬದಿಯಿಂದ ತೊಳೆದು ಆ ನೀರನ್ನು ಕಾಲುವೆಗೆ ಬಿಡುತ್ತಿದ್ದರು. ಕಾಲುವೆ ಪಕ್ಕದ ಕಬ್ಬಿನ ಗದ್ದೆಯನ್ನು ಹಾಯ್ದು ಹಳ್ಳಕ್ಕೆ, ಹಳ್ಳ ಶಿಂಷೆಗೆ. ಕ್ಲೋರಿನ್ ಎರಡು ಮೂರು ದಿನದ ಬಿಸಿಲಿಗೆ ಹೋಗುತ್ತದೆ. ಉಪ್ಪು ಎಲ್ಲಿಗೂ ಹೋಗುವುದಿಲ್ಲ. ಲೀಟರಿಗೆ ಮೂರೂವರೆ ಗ್ರಾಮಿನ ನೀರನ್ನು ಕಬ್ಬು ತಾಳದು, ಭತ್ತವೂ ತಾಳದು. ಕೊಳವನ್ನು ಒಮ್ಮೆ ಪೂರ್ತಿ ಬರಿದು ಮಾಡಿದರೆ ಸುಮಾರು ಮೂರು ಮೂಟೆ ಉಪ್ಪನ್ನು ಪಕ್ಕದವನ ಗದ್ದೆಯಲ್ಲಿ ಬಿತ್ತಿದಂತೆ. ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ನೀರು ನಿಂತು ಚೌಳಾದ ನೆಲಗಳನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹಿಂದೆ ಉಪ್ಪಾರರು ಚೌಳು ಮಣ್ಣನ್ನು ಕೆರೆದು ಉಪ್ಪು ತೆಗೆಯುತ್ತಿದ್ದರು. ನಾವು ಹಣ ಕೊಟ್ಟು ಉಪ್ಪು ತಂದು ನೆಲವನ್ನು ಚೌಳು ಮಾಡುವುದೆ?

ಹಕ್ಕಿಗಳ ಲೆಕ್ಕವೂ ಉಂಟು. 2017ರ ಕೊನೆ, 2018ರ ಮೊದಲ ತಿಂಗಳುಗಳಲ್ಲಿ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳು ಒಂದರ ಮೇಲೊಂದು ಸತ್ತು ಬಿದ್ದುವು. ಕೊಯ್ದು ನೋಡಿದಾಗ ಹೊಟ್ಟೆಯ ತುಂಬ ದುಂಡುಹುಳು. ಮೀನಿನ ಮೂಲಕ ಬಂದದ್ದು. ಅದಕ್ಕೂ ಈಜುಕೊಳಗಳಿಗೂ ಏನೂ ಸಂಬಂಧವಿಲ್ಲ. ಆದರೆ ಆ ಹಕ್ಕಿಗಳು ಸುತ್ತಮುತ್ತಲಿನ ಕೆರೆ ಹೊಳೆಗಳ ಮೀನನ್ನೇ ನಂಬಿದವು, ಆ ನೀರಿಗೆ ಏನಾದರೂ ಅವುಗಳ ಗೂಡಿಗೆ ಮುಟ್ಟುತ್ತದೆ ಎಂಬುದನ್ನು ಊರಿನವರು ಆಗ ಕಣ್ಣಾರೆ ಕಂಡರು.

ಭಾವನವರು ಮರಳಿನ ಸೋಸುಕವನ್ನು ತೆಗೆಸಿ, ಹಿಂಬದಿಯಿಂದ ತೊಳೆಯಬೇಕಾಗಿಲ್ಲದ ಕಾರ್ಟ್ರಿಜ್ ಸೋಸುಕವನ್ನು ಹಾಕಿಸಿದರು. ಅದನ್ನು ಬಿಚ್ಚಿ ತೊಳೆಯಲು ನಾಲ್ಕು ಬಕೆಟ್ ನೀರು ಸಾಕು. ಆ ನೀರು ಸಿಮೆಂಟಿನ ತೊಟ್ಟಿಯೊಂದರಲ್ಲಿ ಬಿಸಿಲಿಗೆ ಆರುತ್ತದೆ. ಮಳೆಗಾಲಕ್ಕೆ ಮುಂಚೆ ಕೊಳದ ಮಟ್ಟವನ್ನು ಒಂದು ಗೇಣು ಇಳಿಸಿಟ್ಟುಕೊಂಡರೆ ತುಂಬಿ ಹರಿಯುವ ಭಯವೂ ಕಡಮೆ. ಕಾಲುವೆಗೆ ಹೋಗುತ್ತಿದ್ದ ಕೊಳವೆಯ ಬಾಯಿಗೆ ಸಿಮೆಂಟು ಮೆತ್ತಿದ ದಿನ ಪಕ್ಕದ ಗದ್ದೆಯ ಯಜಮಾನರು ಬದುವಿನ ಮೇಲೆ ನಿಂತು ನೋಡುತ್ತಿದ್ದರು. "ನಮ್ ಕಬ್ಬಿನ್ ಮೂಲೆ ಯಾಕ್ ಸುಟ್ಟೋಯ್ತದೆ ಅಂತ ಎರಡ್ ವರ್ಸದಿಂದ ಕೇಳ್ತಾವ್ನಿ ಬುದ್ಧಿ, ಗೊಬ್ಬರದಂಗಡಿಯೋನು ಒಂದೊಂದ್ ಕಿತ ಒಂದೊಂದ್ ಔಸ್ದಿ ಕೊಡ್ತಿದ್ದ" ಎಂದರು.